ಅಕ್ಕನ ಮಗಳು ಓದಲು ಹೊರಟ ವಿಷಯ ಮತ್ತು ನಮ್ಮ ಕ್ಲಾಸಿನ ಕೊನೆಯ ಬೆಂಚು

ಕಳೆದ ಸಲ ಊರಿಗೆ ಹೋದಾಗ ನಡೆದದ್ದು. ಬರೀಬೇಕು ಬರೀಬೇಕು ಅಂದುಕೊಂಡೇ ಎರಡು ತಿಂಗಳು ಕಳೆದುಹೋಯಿತು. ಇವತ್ತು ಭಾನುವಾರ, ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಊರು ಅಂದರೆ ಗುತ್ತೂರು. ಹರಿಹರದ ಪಕ್ಕದಲ್ಲೇ. ಕರೆಂಟಿನ ಇಲಾಖೆಯವರಿಗೆ ನಮ್ಮೂರ ಹೆಸರು ಚೆನ್ನಾಗಿ ಗೊತ್ತು, ದೊಡ್ಡ ವಿದ್ಯುತ್ ಸ್ಟೇಷನ್ ಇದೆಯಲ್ಲ, ಅದಕ್ಕೆ. ಬೇರೆಯವರಿಗೆ ಹರಿಹರ ಅಂತಲೋ ದಾವಣಗೆರೆ ಅಂತಲೋ ಹೇಳಿದರೆ ಮಾತ್ರ ಅರ್ಥವಾಗುತ್ತದೆ.

ನನ್ನ ಅಕ್ಕನ ಮಗಳು ಡಿಗ್ರಿ ಮುಗಿಸಿದ್ದಾಳೆ. ಒಳ್ಳೇ ಮಾರ್ಕ್ಸು. ಮುಂದೇನು ಅನ್ನುವ ಮಾತು ರಾತ್ರಿ ಊಟಕ್ಕೆ ಕೂತಾಗ ಬಂತು. ಅವಳು ರೊಟ್ಟಿ ಮುರಿಯುತ್ತಾ, ಯಾರ ಮುಖವನ್ನೂ ನೋಡದೆ, "ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕ್ತೀನಿ, ಮಹಿಳಾ ಅಧ್ಯಯನ ಎಂ.ಎ." ಅಂದಳು. ಮನೆಯಲ್ಲಿ ಒಂದು ನಿಮಿಷ ಮಾತಿಲ್ಲ. ಆಮೇಲೆ ನಮ್ಮ ದೊಡ್ಡಪ್ಪ ಕೇಳಿದರು, "ಅದ್ರಾಗೆ ಏನ್ ಕಲಿಸ್ತಾರವ್ವಾ? ಹೆಣ್ಣಾಗಿ ಹುಟ್ಟೀಯ, ಅದನ್ನ ಮತ್ತೆ ಓದಾಕೆ ವಿಜಯಪುರಕ್ಕೆ ಹೋಗ್ಬೇಕಾ?"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅವಳು ನಗಲಿಲ್ಲ. "ಲಿಂಗತ್ವ, ಲೈಂಗಿಕತೆ, ಕೆಲಸ, ಕಾನೂನು, ಎಲ್ಲಾ ಇರುತ್ತೆ ದೊಡ್ಡಜ್ಜ" ಅಂದಳು. ಅಷ್ಟೇ ಸಾಕಾಯಿತು! ನಮ್ಮ ಕಡೆ ಲಿಂಗ ಅಂದರೆ ಮೊದಲು ನೆನಪಾಗುವುದು ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗ. ಆಮೇಲೆ ವ್ಯಾಕರಣದ ಲಿಂಗ. ಮೂರನೇ ಅರ್ಥ ಎಲ್ಲರಿಗೂ ಗೊತ್ತು, ಆದರೆ ಊಟಕ್ಕೆ ಕೂತಾಗ ಯಾರೂ ಆಡುವುದಿಲ್ಲ. ಅಕ್ಕ ಎದ್ದು ಒಳಗೆ ಹೋದಳು. ಭಾವ, "ಸುಮ್ನೆ ಬಿ.ಎಡ್ ಮಾಡು, ನೌಕರಿನಾದ್ರೂ ಸಿಗುತ್ತೆ" ಅಂತ ಮಾತು ಮುಗಿಸಿದರು.

ರಾತ್ರಿ ಮಲಗಿದಾಗ ನನಗೆ ನಿದ್ದೆ ಬರಲಿಲ್ಲ. ಕಾರಣ ಅಕ್ಕನ ಮಗಳಲ್ಲ, ಅವಳಾಡಿದ ಆ ಲಿಂಗ ಅನ್ನುವ ಪದ. ಅದು ನನಗೆ ನಮ್ಮ ಒಂಬತ್ತನೇ ಕ್ಲಾಸನ್ನು ನೆನಪಿಸಿತು.

ಯಾವ ಸ್ಕೂಲು ಅಂತ ಹೇಳುವುದಿಲ್ಲ. ಕನ್ನಡ ಪಾಠ, ವ್ಯಾಕರಣದ ಪೀರಿಯಡ್. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಪುಲ್ಲಿಂಗ, ಅರಸನು. ಸ್ತ್ರೀಲಿಂಗ, ಅರಸಿ. ನಪುಂಸಕಲಿಂಗ... ಅವರು ಉದಾಹರಣೆ ಬರೆಯುವುದರೊಳಗೆ ಹಿಂದಿನಿಂದ ಯಾರೋ ನಮ್ಮ ಕ್ಲಾಸಿನ ಒಬ್ಬ ಹುಡುಗನ ಹೆಸರು ಕೂಗಿದರು. ಇಡೀ ಕ್ಲಾಸು ಗೊಳ್ಳೆಂದಿತು. ಆ ಹುಡುಗ ಸ್ವಲ್ಪ ಬೇರೆ ಥರ ನಡೆಯುತ್ತಿದ್ದ, ಬೇರೆ ಥರ ಮಾತಾಡುತ್ತಿದ್ದ. ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ. ಕೊನೆಯ ಬೆಂಚಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ. ಮೇಷ್ಟ್ರು ಸೀಮೆಸುಣ್ಣ ಹಿಡಿದು ನಿಂತರು. ಅವರ ತುಟಿಯಲ್ಲೂ ಸಣ್ಣ ನಗು ಬಂದದ್ದು ನನಗೆ ನೆನಪಿದೆ. ಆಮೇಲೆ "ಸೈಲೆನ್ಸ್" ಅಂದು, ಮರ, ಕಲ್ಲು ಅಂತ ಬರೆದರು.

ನಾನೂ ನಕ್ಕಿದ್ದೆ. ಇದನ್ನು ಇಲ್ಲಿ ಬರೆಯದಿದ್ದರೆ ಈ ಲೇಖನ ಬರೆಯುವುದಕ್ಕೆ ಅರ್ಥವಿಲ್ಲ.

ಆ ಹುಡುಗ ಹತ್ತನೇ ಕ್ಲಾಸಿಗೆ ಬರಲಿಲ್ಲ. ನಾವು ಯಾರೂ ಯಾಕೆ ಅಂತ ಕೇಳಲೂ ಇಲ್ಲ. ಎಷ್ಟೋ ವರ್ಷ ಆದ ಮೇಲೆ ಉಚ್ಚಂಗಿದುರ್ಗಕ್ಕೆ ಹೋಗಿದ್ದಾಗ, ಭರತ ಹುಣ್ಣಿಮೆ ಜಾತ್ರೆಯಲ್ಲಿ, ಸೀರೆ ಉಟ್ಟು ಹಣೆತುಂಬ ಭಂಡಾರ ಹಚ್ಚಿಕೊಂಡ ಒಬ್ಬರು ನನ್ನ ಹೆಸರು ಹಿಡಿದು ಕರೆದರು. ನನಗೆ ಗುರುತು ಸಿಗಲು ಸಮಯ ಹಿಡಿಯಿತು. ಅವರೇ ಹೇಳಿದರು, "ನಿನ್ನ ಪಕ್ಕದ ಸಾಲಿನಾಗೆ ಕೂಡ್ತಿದ್ನಲ್ಲ." ನಾನು ಏನೋ ತೊದಲಿದೆ. ಅವರು ಬೈಯಲಿಲ್ಲ, ಅಳಲಿಲ್ಲ. "ಓದು ಎಲ್ಲಿಗೆ ಬಂತು ನಿಂದು?" ಅಂತ ಕೇಳಿದರು. ಡಿಗ್ರಿ ಆಯ್ತು, ಬೆಂಗಳೂರಲ್ಲಿ ಕೆಲಸ ಅಂದೆ. "ಚಲೋ ಆತು. ನನಗೂ ಲೆಕ್ಕ ಚಲೋ ಬರ್ತಿತ್ತು" ಅಂದರು. ಅಷ್ಟೇ. ನಿಜ, ಲೆಕ್ಕದಲ್ಲಿ ನಮ್ಮ ಕ್ಲಾಸಿಗೆ ಅವರೇ ಮುಂದಿದ್ದರು.

ನಾನು ಆ ಮೇಷ್ಟ್ರನ್ನು ದೂರುತ್ತಿಲ್ಲ. ಒಳ್ಳೆಯ ಮನುಷ್ಯ, ಫೀಸು ಕಟ್ಟಲಾಗದ ಹುಡುಗರಿಗೆ ತಾವೇ ಕಟ್ಟುತ್ತಿದ್ದರು. ಆದರೆ ಆ ನಿಮಿಷದಲ್ಲಿ ಏನು ಹೇಳಬೇಕು ಅನ್ನುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅವರು ಓದಿದ್ದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಈ ವಿಷಯವನ್ನು ಯೂನಿವರ್ಸಿಟಿಯಲ್ಲಿ ಯಾಕೆ ಓದಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಆ ನಿಮಿಷಕ್ಕಾಗಿ ಓದಬೇಕು. ಹೆಣ್ಣುಮಕ್ಕಳು ಮಾತ್ರ ಅಲ್ಲ, 'ಬೇರೆ ಥರ' ಇರುವವರು ಮಾತ್ರ ಅಲ್ಲ. ಬೋರ್ಡಿನ ಮುಂದೆ ನಿಲ್ಲುವವರು ಓದಬೇಕು.

ಭಾವನಿಗೆ ಇನ್ನೊಂದು ಮಾತು ಗೊತ್ತಿರಲಿಲ್ಲ. ಅವರು ಮಾಡು ಅಂತ ಹೇಳಿದ ಬಿ.ಎಡ್‌ನಲ್ಲೇ ಈ ವಿಷಯ ಬಂದು ಕೂತಿದೆ! 2014ರಲ್ಲಿ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ ಹೊಸ ನಿಯಮ ತಂದು, ಬಿ.ಎಡ್ ಎರಡು ವರ್ಷ ಆದಾಗ, ಪಠ್ಯದ ಚೌಕಟ್ಟಿನಲ್ಲಿ ಲಿಂಗತ್ವ, ಶಾಲೆ ಮತ್ತು ಸಮಾಜ ಅನ್ನುವ ಒಂದು ಪತ್ರಿಕೆಯನ್ನೂ ಸೇರಿಸಿತು. ಬಿ.ಎಡ್ ಮಾಡಿದ ಪರಿಚಯದ ಒಬ್ಬರನ್ನು ಕೇಳಿದೆ. "ಹೌದು ಸಾರ್, ಐದು ಪ್ರಶ್ನೆ ಬಾಯಿಪಾಠ ಮಾಡಿದ್ವಿ, ಪಾಸಾಯ್ತು" ಅಂದರು. ವಿಷಯ ಬಂದಿದೆ, ಓದು ಇನ್ನೂ ಬಂದಿಲ್ಲ.

ಇದೆಲ್ಲಾ ಎಲ್ಲಿಂದ ಶುರುವಾಯಿತು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ 'ಇದು ಫಾರಿನ್ ಸರಕು' ಅನ್ನುವ ಮಾತು ಬಂದೇ ಬರುತ್ತದೆ. ಕೇಂದ್ರ ಸರ್ಕಾರ 1971ರಲ್ಲಿ ದೇಶದ ಹೆಂಗಸರ ಸ್ಥಿತಿಗತಿ ನೋಡಲು ಒಂದು ಸಮಿತಿ ಮಾಡಿತು. ಅದರ ವರದಿ ಬಂದದ್ದು 1974ರ ಕೊನೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಎಲ್ಲಾ ಸರಿಹೋಗುತ್ತಿದೆ ಅಂದುಕೊಂಡಿದ್ದವರಿಗೆ ಆ ವರದಿ ಆಘಾತ. ಗಂಡಸರಿಗೆ ಹೋಲಿಸಿದರೆ ಹೆಂಗಸರ ಸಂಖ್ಯೆ ಕಡಿಮೆಯಾಗುತ್ತಾ ಬಂದಿದೆ, ಕೆಲಸದಲ್ಲಿ ಅವರ ಪಾಲೂ ಇಳಿಯುತ್ತಿದೆ ಅಂತ ಅದು ತೋರಿಸಿತು. ಅದೇ 1974ರಲ್ಲಿ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನಕ್ಕೆ ಅಂತಲೇ ಒಂದು ಕೇಂದ್ರ ಬಂತು. 1986ರ ಶಿಕ್ಷಣ ನೀತಿ ಇದನ್ನು ಬೇರೆ ವಿಶ್ವವಿದ್ಯಾಲಯಗಳಿಗೂ ಹರಡಲು ಹೇಳಿತು. ನಮ್ಮಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗ ಬಂತು, ಕನ್ನಡದಲ್ಲೇ ಸಂಶೋಧನೆ ನಡೆಯಿತು. 2003ರಲ್ಲಿ ವಿಜಯಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರಿಟ್ಟರು.

ಇದರಿಂದ ಏನು ಬಂತು ಅಂದಿರಾ? ನಮ್ಮೂರ ಉದಾಹರಣೆಯನ್ನೇ ಕೊಡುತ್ತೇನೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 2000ದ ಆಚೀಚೆ ಮುಚ್ಚಿಹೋಯಿತು. ಲೇಥ್ ಮಾಡುತ್ತಿದ್ದ ಕಾರ್ಖಾನೆ. ಸುತ್ತಲ ಹಳ್ಳಿಯ ಎಷ್ಟೋ ಮನೆಗಳು ಅದರ ಮೇಲೆ ನಿಂತಿದ್ದವು. ಕೆಲಸ ಕಳೆದುಕೊಂಡ ಗಂಡಸರ ಲೆಕ್ಕ ಪೇಪರಿನಲ್ಲಿ ಬಂತು. ಬರಬೇಕಾದದ್ದೇ. ಆದರೆ ಆಮೇಲೆ ಆ ಮನೆಗಳು ಉಳಿದದ್ದು ಹೇಗೆ? ಬೀಡಿ ಕಟ್ಟಿ, ಬ್ಲೌಸು ಹೊಲಿದು, ಎಮ್ಮೆ ಸಾಕಿ, ಮೆಣಸಿನಕಾಯಿ ಮಂಡಕ್ಕಿ ಮಾರಿ ಹೆಂಗಸರು ಉಳಿಸಿದರು. ಆ ಲೆಕ್ಕ ಎಲ್ಲೂ ಬರಲಿಲ್ಲ. ನಮ್ಮಕ್ಕನೂ ಹೊಲಿಗೆ ಮಿಷನ್ ತುಳಿದೇ ಮಗಳನ್ನು ಓದಿಸಿದ್ದು. ಜನಗಣತಿಯವರು ಬಂದಾಗ ಭಾವ "ಆಕೆ ಮನೇಲೇ ಇರ್ತಾಳೆ, ಏನ್ ಕೆಲ್ಸ ಇಲ್ಲ" ಅಂತ ಬರೆಸಿದ್ದರಂತೆ. ಮಿಷನ್ನಿನ ಸದ್ದಿನಲ್ಲೇ ಹೇಳಿರಬೇಕು :) ಕಣ್ಣೆದುರು ಇರುವುದು ಲೆಕ್ಕಕ್ಕೆ ಯಾಕೆ ಬರುವುದಿಲ್ಲ ಅಂತ ಕೇಳುವುದೇ ಈ ಓದಿನ ಮೊದಲ ಪಾಠ.

ಹೆಂಗಸರ ವಿಷಯದಿಂದ ಶುರುವಾದ ಪ್ರಶ್ನೆ ಅಲ್ಲೇ ನಿಲ್ಲಲಿಲ್ಲ. ಹೆಣ್ಣು ಹೀಗಿರಬೇಕು ಅಂತ ಯಾರು ಹೇಳಿದರು ಅಂತ ಕೇಳಿದ ಮೇಲೆ, ಗಂಡು ಹೀಗಿರಬೇಕು ಅಂತ ಯಾರು ಹೇಳಿದರು ಅನ್ನುವ ಪ್ರಶ್ನೆಯೂ ಬರುತ್ತದೆ. ಎರಡರಲ್ಲೂ ಹಿಡಿಸದವರ ಪ್ರಶ್ನೆಯೂ ಬರುತ್ತದೆ. ಯಾರು ಯಾರನ್ನು ಪ್ರೀತಿಸಬೇಕು ಅನ್ನುವುದೂ ಬರುತ್ತದೆ. 2011ರ ಜನಗಣತಿಯಲ್ಲಿ ಮೊದಲ ಸಲ 'ಇತರೆ' ಅನ್ನುವ ಕಾಲಂ ಬಂದಾಗ ಕರ್ನಾಟಕದಲ್ಲಿ 20,266 ಜನ ಅದರಲ್ಲಿ ಎಣಿಕೆಯಾದರು. ಹೇಳಿಕೊಳ್ಳಲು ಆಗದವರು ಇನ್ನೆಷ್ಟೋ! 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಕಾನೂನಿನಲ್ಲಿ ಒಪ್ಪಿತು. 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿಂದ ಕೂಡುವ ವಯಸ್ಕರಿಗೆ 377ನೇ ಸೆಕ್ಷನ್ ಹಾಕುವಂತಿಲ್ಲ ಅಂದಿತು. ಕೋರ್ಟು ಹೇಳಿದ್ದು ಇಂಗ್ಲಿಷಿನಲ್ಲಿ. ಅದನ್ನು ಗುತ್ತೂರಿನ ಊಟದ ಮನೆಗೆ ತಲುಪಿಸುವವರು ಯಾರು?

ಇನ್ನು ಫಾರಿನ್ ಸರಕಿನ ಮಾತು. ಹೆಣ್ಣು ಗಂಡು ಅನ್ನುವುದು ಮೈಯ ಗುರುತು ನೋಡಿ ಇಟ್ಟ ಹೆಸರು, ಒಳಗಿನದು ಎರಡೂ ಅಲ್ಲ ಅನ್ನುವ ಅರ್ಥದ ವಚನ ಬರೆದವನು ಜೇಡರ ದಾಸಿಮಯ್ಯ. ಅವನೇನು ಅಮೆರಿಕದಲ್ಲಿ ಓದಿ ಬಂದವನಲ್ಲ, ಬಟ್ಟೆ ನೇಯುತ್ತಿದ್ದವನು. ನಮ್ಮ ಹರಿಹರದ ದೇವಸ್ಥಾನವನ್ನೇ ನೋಡಿ. ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ ಪೊಲಾಳ್ವ ದಂಡನಾಯಕ ಕಟ್ಟಿಸಿದ್ದು. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರು ಅನ್ನುವುದು ಸ್ಥಳದ ಕಥೆ. ಇದು ಲಿಂಗತ್ವದ ಪಾಠ ಅಂತ ನಾನು ಎಳೆದು ತರುತ್ತಿಲ್ಲ. ಇದು ಇಲ್ಲವೇ ಅದು ಅನ್ನುವ ಎರಡೇ ಡಬ್ಬಿಯಲ್ಲಿ ಲೋಕ ಹಿಡಿಸುವುದಿಲ್ಲ ಅನ್ನುವುದು ನಮ್ಮೂರಿನವರಿಗೆ ಹೊಸದಲ್ಲ ಅಂತಷ್ಟೇ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ದಾವಣಗೆರೆ ಬಸ್‌ಸ್ಟ್ಯಾಂಡಿಗೆ ಬನ್ನಿ. ಮಂಜಮ್ಮ ಜೋಗತಿ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಮನೆ ಬಿಟ್ಟು ಬಂದು ಕಷ್ಟದಲ್ಲಿದ್ದ ಕಾಲದಲ್ಲಿ ಅವರು ಜೋಗತಿ ಕುಣಿತವನ್ನು ಕಂಡದ್ದು ದಾವಣಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ. ಅಪ್ಪ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಆ ಮಟ್ಟಿಕಲ್ ಬಸಪ್ಪನವರ ಬಳಿ ಕಲಿತೇ ಅವರು ಕಲಾವಿದೆಯಾದದ್ದು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರೇ. 2021ರಲ್ಲಿ ಪದ್ಮಶ್ರೀ. ಅವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು', ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡದ್ದು.

ದಾವಣಗೆರೆಯಲ್ಲಿ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು. 1987ರಲ್ಲಿ ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು. 2009ರಲ್ಲಿ ದಾವಣಗೆರೆಯದೇ ವಿಶ್ವವಿದ್ಯಾಲಯವಾಯಿತು, ತೋಳಹುಣಸೆಯ ಹತ್ತಿರ ಶಿವಗಂಗೋತ್ರಿ ಕ್ಯಾಂಪಸ್. ಒಂದೇ ಊರು. ಒಬ್ಬರಿಗೆ ಪಾಠ ಸಿಕ್ಕಿದ್ದು ಕ್ಯಾಂಪಸ್ಸಿನಲ್ಲಿ, ಇನ್ನೊಬ್ಬರಿಗೆ ಬಸ್‌ಸ್ಟ್ಯಾಂಡಿನಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಕಲಿತವರು ದೊಡ್ಡವರಾದರು ಅಂತ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಬಸ್‌ಸ್ಟ್ಯಾಂಡಿನಲ್ಲೇ ಉಳಿದವರು ಎಷ್ಟು ಜನ? ಒಬ್ಬ ಮಂಜಮ್ಮನನ್ನು ತೋರಿಸಿ 'ನೋಡಿ, ಸಾಧಿಸಿದರೆ ಆಗುತ್ತೆ' ಅನ್ನುವುದು ಸುಲಭ. ಉಳಿದವರನ್ನು ಕ್ಲಾಸಿನಿಂದ ಹೊರಗೆ ಕಳಿಸಿದ್ದು ಯಾರು ಅಂತ ಕೇಳುವುದು ಕಷ್ಟ.

ಈ ಓದಿನ ಬಗ್ಗೆ ನನಗೆ ತಕರಾರು ಇಲ್ಲ ಅಂದುಕೊಳ್ಳಬೇಡಿ. ಇದೆ. ಅಕ್ಕನ ಮಗಳು ಮೊಬೈಲಿನಲ್ಲಿ ಒಂದೆರಡು ಸಂಶೋಧನಾ ಲೇಖನ ತೋರಿಸಿದಳು. ಕನ್ನಡದಲ್ಲೇ ಇದ್ದವು, ಆದರೆ ಅದು ಯಾವ ಕನ್ನಡವೋ! ಒಂದು ವಾಕ್ಯ ಮುಗಿಯುವುದರೊಳಗೆ ಮೂರು ಸಲ ಉಸಿರು ತಗೊಂಡೆ. ಇಂಗ್ಲಿಷಿನ ಪದಕ್ಕೆ ಸಂಸ್ಕೃತದ ಪದ ಅಂಟಿಸಿದರೆ ಕನ್ನಡವಾಗುವುದಿಲ್ಲ. ಎರಡನೆಯದು, ಯಾರ ಬಗ್ಗೆ ಬರೆದಿದ್ದಾರೋ ಅವರು ಅಲ್ಲಿ ಬರೀ 'ಮಾಹಿತಿದಾರರು'. ಪ್ರಶ್ನಾವಳಿ ಹಿಡಿದುಕೊಂಡು ಹೋಗಿ, ಮನೆಯಿಂದ ಯಾವಾಗ ಹೊರಬಿದ್ದಿರಿ, ಯಾರು ಹೊಡೆದರು, ದಿನಕ್ಕೆ ಎಷ್ಟು ಸಂಪಾದನೆ ಅಂತ ಕೇಳಿ ಬರೆದುಕೊಂಡು ಬರುವುದು. ಕೇಳಿದವರಿಗೆ ಡಾಕ್ಟರೇಟು. ಹೇಳಿದವರಿಗೆ? ಇದರ ಪಕ್ಕದಲ್ಲಿ ವಸುಧೇಂದ್ರರ 2013ರ 'ಮೋಹನಸ್ವಾಮಿ' ಇಟ್ಟು ನೋಡಿ, ದು. ಸರಸ್ವತಿಯವರು ಕನ್ನಡಕ್ಕೆ ತಂದ ಎ. ರೇವತಿಯವರ 'ಬದುಕು ಬಯಲು' ಇಟ್ಟು ನೋಡಿ. ಕಥೆಯಲ್ಲಿ, ಆತ್ಮಕಥೆಯಲ್ಲಿ ಎಷ್ಟು ಸಲೀಸಾಗಿ ಬಂದ ಕನ್ನಡ ಥೀಸಿಸ್ಸಿನಲ್ಲಿ ಯಾಕೆ ಬರುವುದಿಲ್ಲ?

ಮೂರನೆಯ ತಕರಾರು ದೊಡ್ಡದು. 2021ರಲ್ಲಿ ಕರ್ನಾಟಕ ಸರ್ಕಾರ ನೇರ ನೇಮಕಾತಿಯ ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು ಅಂತ ಸುದ್ದಿಯಾಯಿತು, ಒಳ್ಳೆಯದೇ. ಆದರೆ ಹುದ್ದೆಗೆ ಅರ್ಜಿ ಹಾಕಲು ಏನು ಬೇಕು? ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ. ಒಂಬತ್ತನೇ ಕ್ಲಾಸಿನಲ್ಲಿ ನಾವು ನಕ್ಕು ಹೊರಗೆ ಕಳಿಸಿದವರು ಆ ಅರ್ಜಿಯನ್ನು ಎಲ್ಲಿಂದ ತುಂಬುತ್ತಾರೆ? ವಿಧಾನಸೌಧದಲ್ಲಿ ಕೊಟ್ಟದ್ದನ್ನು ಕೊನೆಯ ಬೆಂಚಿನಲ್ಲಿ ಮೊದಲೇ ಕಿತ್ತುಕೊಂಡಾಗಿತ್ತು. ಅದಕ್ಕೇ ಹೇಳಿದ್ದು, ಈ ಓದು ಯಾವುದೋ ವಿಭಾಗದ ಒಂದು ರೂಮಿನಲ್ಲಿ ಹತ್ತು ಜನ ಹುಡುಗಿಯರು ಓದಿ ಮುಗಿಸುವ ವಿಷಯವಲ್ಲ ಅಂತ. ಬಿ.ಎಡ್‌ನವರು, ನರ್ಸಿಂಗಿನವರು, ಪೊಲೀಸ್ ಟ್ರೈನಿಂಗಿನವರು ಓದಬೇಕು. ಅಲ್ಲಿ ಪಾಠ ಮಾಡಲು ಪ್ರಶ್ನಾವಳಿಗೆ ಉತ್ತರ ಹೇಳಿದವರನ್ನೇ ಕರೆಸಬೇಕು, ಸಂಭಾವನೆ ಕೊಟ್ಟು, ಕುರ್ಚಿ ಕೊಟ್ಟು.

ನೌಕರಿ ಸಿಗುತ್ತಾ ಅಂದರೆ, ಸುಳ್ಳು ಹೇಳಲಾರೆ. ಈ ಎಂ.ಎ. ಮಾಡಿದವರಿಗೆ ಬಾಗಿಲಲ್ಲಿ ನೌಕರಿ ಕಾದು ನಿಂತಿರುವುದಿಲ್ಲ. ಇತಿಹಾಸ ಓದಿದವರಿಗೂ, ಕನ್ನಡ ಎಂ.ಎ. ಮಾಡಿದವರಿಗೂ ಅದೇ ಪಾಡು. ಭಾವನ ಭಯವನ್ನು ನಾನು ಹಗುರಾಗಿ ತಗೊಳ್ಳುವುದಿಲ್ಲ, ಹೊಲಿಗೆ ಮಿಷನ್ನಿನ ದುಡ್ಡದು. ಹಾಗಾಗಿ ಅವರ ಜೊತೆ ಕೂತು ಮಾತಾಡಿದೆ. ಎಂ.ಎ. ಆದ ಮೇಲೆ ಬಿ.ಎಡ್ ಕೂಡ ಮಾಡುವುದು ಅಂತ ಒಪ್ಪಂದವಾಯಿತು. ನನಗೆ ಅದು ಸೋಲು ಅನ್ನಿಸಲಿಲ್ಲ. ಇದನ್ನು ನಿಜವಾಗಿ ಓದಿದ ಒಬ್ಬ ಮೇಡಂ ಹರಿಹರದ ಯಾವುದೋ ಹೈಸ್ಕೂಲಿನಲ್ಲಿ ಬೋರ್ಡಿನ ಮುಂದೆ ನಿಂತರೆ ಅದಕ್ಕಿಂತ ಇನ್ನೇನು ಬೇಕು?

ಹೊರಡುವ ಮುಂಚೆ ಅವಳಿಗೆ ಒಂಬತ್ತನೇ ಕ್ಲಾಸಿನ ಕಥೆ ಹೇಳಿದೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳು ಕೇಳಿ ಸುಮ್ಮನಿದ್ದು, "ಮಾಮಾ, ಅವತ್ತು ನಿಮ್ಮ ಮೇಷ್ಟ್ರು ಪಾಠ ಪೂರ್ತಿ ಮಾಡಲೇ ಇಲ್ಲ" ಅಂದಳು. ಹಳೇ ವ್ಯಾಕರಣ ಪುಸ್ತಕ ತಂದು ತೋರಿಸಿದಳು. ಮೂರು ಲಿಂಗದ ಆಚೆಗೂ ಇವೆ. ಸೂರ್ಯ ಮೂಡಿದನು ಅನ್ನಬಹುದು, ಸೂರ್ಯ ಮೂಡಿತು ಅಂತಲೂ ಅನ್ನಬಹುದು, ಅದು ಪುನ್ನಪುಂಸಕಲಿಂಗ. ಮಗು, ಶಿಶು, ಕೂಸು ನಿತ್ಯನಪುಂಸಕಲಿಂಗ. ಅಂದರೆ ನಾವೆಲ್ಲರೂ ಅಲ್ಲಿಂದಲೇ ಬಂದವರು! ಕೊನೆಯದು ವಾಚ್ಯಲಿಂಗ: ನಾನು, ನೀನು. ಹಿಂದಿಯಲ್ಲಿ 'ನಾನು ಬಂದೆ' ಅನ್ನಬೇಕಾದರೂ ಗಂಡೋ ಹೆಣ್ಣೋ ಹೇಳಲೇಬೇಕು. ಕನ್ನಡದಲ್ಲಿ ನಾನು ಬಂದೆ, ನೀನು ಬಂದೆ ಅಂದರೆ ಲಿಂಗವಿಲ್ಲ. ಎದುರಿಗೆ ಕೂತು ಮಾತಾಡಿದರೆ ಅದು ಬೇಕಾಗುವುದೇ ಇಲ್ಲ. ಅವನು, ಅವಳು ಅಂತ ಬೇರೆಯವರ ಬಗ್ಗೆ ಮಾತಾಡುವಾಗಲೇ ಬರುವುದು. ಅಲ್ಲೂ ಗೌರವ ಕೊಟ್ಟು ಅವರು ಅಂದರೆ ಮತ್ತೆ ಇಲ್ಲ.

ಮೇಲೆ ಉಚ್ಚಂಗಿದುರ್ಗದ ಭಾಗ ಬರೆಯುವಾಗ 'ಅವನು' ಅಂತ ಬರೆಯಲೋ 'ಅವಳು' ಅಂತ ಬರೆಯಲೋ ಅಂತ ಒದ್ದಾಡಿ 'ಅವರು' ಅಂತ ಬರೆದೆ. ನೀವು ಗಮನಿಸಿದಿರೋ ಇಲ್ಲವೋ.

ಮುಂದಿನ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗಬೇಕು ಅಂದುಕೊಂಡಿದ್ದೇನೆ. ಸಿಕ್ಕರೆ, ಅವತ್ತು ನಾನೂ ನಕ್ಕಿದ್ದೆ ಅಂತ ಎದುರಿಗೇ ಹೇಳಬೇಕು. ಸಿಗುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಕ್ಲಾಸಿನಲ್ಲೂ ಒಂದು ಕೊನೆಯ ಬೆಂಚು ಇತ್ತಾ? ಅಲ್ಲಿ ಕೂತವರು ಈಗ ಎಲ್ಲಿದ್ದಾರೆ ಅಂತ ಗೊತ್ತಾ?